ಖಾಯೆಲೆಯ ತಟ್ಟೆ

ಒಂದಾನೊಂದು ಕಾಲದಲ್ಲಿ, ಹಿಮ ಬೀಳುವ ಪೋಲೆಂಡ್ ದೇಶದ ಒಂದು ಸಣ್ಣ ಊರಿನಲ್ಲಿ ಕಾಜಿಕ್ ಅಂತ ಒಬ್ಬನಿದ್ದನಂತೆ. ಕಾಲು ಹೊದಿಕೆಯೊಳಗೆ ಇರಲಿ, ಕೇಳು. ಪದ ಕಟ್ಟುವವನೂ ಅವನೇ, ಪಿಟೀಲು ನುಡಿಸಿ ಹಾಡುವವನೂ ಅವನೇ. ಮನೆಯಲ್ಲಿ ಅವನು, ಅವನ ಮುದುಕಿ ತಾಯಿ ಬ್ರೋನ್ಯಾ, ಇಬ್ಬರೇ ಅಂತೆ.

ಆ ಊರಿನ ತಾಯಂದಿರು ತೊಟ್ಟಿಲು ತೂಗುವಾಗ ಖಾಯೆಲೆ, ಖಾಯೆಲೆ ಅಂತ ಹಾಡುತ್ತಿದ್ದರಂತೆ. ನಾವು ಜೋ ಜೋ ಅನ್ನುವುದಿಲ್ಲವೇ, ಹಾಗೇ ಅದಕ್ಕೂ ಅರ್ಥವಿಲ್ಲ ಅಂತ ಎಲ್ಲರ ಎಣಿಕೆ. ಆಮೇಲೆ ಒಂದು ದಿನ ದೂರದ ಪಟ್ಟಣದ ಸಂತೆಯಲ್ಲಿ ಒಬ್ಬ ಯೆಹೂದಿ ಮುದುಕ ಖಾಯೆಲೆ ಅಂತ ಕೂಗಿದನಂತೆ, ಅವನ ಮೊಮ್ಮಗಳು ಓಡಿಬಂದು ಕೈ ಹಿಡಿದಳಂತೆ. ಸಂತೆಗೆ ಹೋಗಿದ್ದ ಕಾಜಿಕ್ ಅಲ್ಲೇ ನಿಂತುಬಿಟ್ಟನಂತೆ. ಅದು ಬರೀ ಲಾಲಿಪದವಲ್ಲ, ಹೆಸರು. ಹಾಗಾದರೆ ತನ್ನ ಊರಿನಲ್ಲಿ ಆ ಹೆಸರಿನವಳು ಯಾರು, ಎಲ್ಲಿ ಹೋದಳು?

ಮೊದಲು ಪಾದ್ರಿಯನ್ನು ಕೇಳಿದನಂತೆ. ಸತ್ತವರಿಗೆಲ್ಲ ಒಟ್ಟಿಗೆ ಪ್ರಾರ್ಥಿಸುತ್ತೇವೆ, ಒಬ್ಬೊಬ್ಬರ ಹೆಸರು ಯಾಕಪ್ಪ ಅಂದರಂತೆ ಪಾದ್ರಿ. ಆಮೇಲೆ ಊರ ಯಜಮಾನನನ್ನು ಕೇಳಿದನಂತೆ. ಯುದ್ಧದ ಕಾಲದಲ್ಲಿ ಜರ್ಮನ್ ಸಿಪಾಯಿಗಳು ಯೆಹೂದಿಗಳ ಬೀದಿಯನ್ನೇ ಬರಿದು ಮಾಡಿ ಜನರನ್ನು ಎಳೆದೊಯ್ದರು, ಅದು ಮುಗಿದ ಮಾತು, ಕೆದಕಿದರೆ ಯಾವ ಮನೆ ಯಾರದು ಅಂತ ಕೇಳಬೇಕಾಗುತ್ತದೆ ಅಂದನಂತೆ. 'ಮೊದಲು ನಿಮ್ಮ ಬಾಗಿಲನ್ನೇ ತಟ್ಟುತ್ತಾರೆ, ಕವಿರಾಯರೇ' ಅಂತ ನಕ್ಕನಂತೆ. ಕೊನೆಗೆ ತಾಯಿಯನ್ನು ಕೇಳಿದನಂತೆ. ಬ್ರೋನ್ಯಾ ಒಲೆಯ ಕಡೆ ತಿರುಗಿ, ಹಾಲು ಉಕ್ಕುತ್ತಿದೆ, ಆಚೆ ಸರಿ ಅಂದಳಂತೆ. ಒಲೆಯ ಮೇಲೆ ಹಾಲೇ ಇರಲಿಲ್ಲ.

ಅಂದಿನಿಂದ ಅವನಿಗೆ ಅನ್ನ ಸೇರದು, ನಿದ್ದೆ ಬಾರದು. ಹಾಡಿದರೆ ಹೆತ್ತವಳನ್ನು ಮನೆ ಬಿಡಿಸಿ ಹಿಮದಲ್ಲಿ ನಿಲ್ಲಿಸಿದ ಹಾಗೆ. ಹಾಡದಿದ್ದರೆ ಆ ಹೆಸರು ಗಂಟಲ ಮುಳ್ಳು.

ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಅಲ್ಲಿ ಒಂದು ಪದ್ಧತಿ ಉಂಟು. ಮೊದಲ ನಕ್ಷತ್ರ ಮೂಡಿದ ಮೇಲೆ ಊಟಕ್ಕೆ ಕೂರುತ್ತಾರೆ, ಬರಬಹುದಾದ ಅತಿಥಿಗೆಂದು ಒಂದು ತಟ್ಟೆ ಖಾಲಿ ಇಡುತ್ತಾರೆ. ಆ ವರ್ಷ ಊರವರೆಲ್ಲ ಶಾಲೆಯಲ್ಲಿ ಸೇರಿ, ಕಾಜಿಕನಿಗೆ ಹಾಡು ಅಂದರಂತೆ. ಅವನು ಅದೇ ಲಾಲಿ ನುಡಿಸಿದನಂತೆ, ಎಲ್ಲರೂ ತಲೆದೂಗಿದರಂತೆ. ಆಮೇಲೆ ತಾನೇ ಕಟ್ಟಿದ ಸಾಲು ಸೇರಿಸಿದನಂತೆ:

ಖಾಯೆಲೆಗೆ ತೊಟ್ಟಿಲೆಲ್ಲಿ,
ಖಾಯೆಲೆಗೆ ತಟ್ಟೆಯೆಲ್ಲಿ?

ಯಾರದೋ ಚಮಚ ಕೆಳಗೆ ಬಿತ್ತಂತೆ. ಯಜಮಾನ ಎದ್ದು ನಿಂತನಂತೆ. ಕಾಜಿಕ್ ತಾಯಿಯ ಮುಖ ನೋಡಲಾರದೆ ನೆಲ ನೋಡಿದನಂತೆ. ಆಗ ಬ್ರೋನ್ಯಾ ಕೋಲೂರಿ ಎದ್ದು, ಆ ಖಾಲಿ ತಟ್ಟೆಯನ್ನು ತಂದು ತನ್ನ ಪಕ್ಕಕ್ಕೆ ಇಟ್ಟುಕೊಂಡಳಂತೆ.

'ಖಾಯೆಲೆ ನನ್ನ ಜೊತೆ ಓದಿದವಳು,' ಅಂದಳಂತೆ. 'ಅವಳಮ್ಮ ಅವಳಿಗೆ ಈ ಲಾಲಿ ಹಾಡುವುದನ್ನು ಕಿಟಕಿಯಲ್ಲಿ ಕೇಳಿ ನಾವೆಲ್ಲ ಕಲಿತೆವು. ಅವರನ್ನು ಎಳೆದೊಯ್ದ ಮೇಲೆ ಅವರ ಮನೆ ಬಾಗಿಲು ತೆರೆದಿತ್ತು. ನಾವು ಒಳಗೆ ಹೋಗಿ ಅಲ್ಲೇ ಉಳಿದೆವು. ಈಗ ನನ್ನನ್ನು ಆ ಮನೆಯಿಂದ ಎಬ್ಬಿಸುವವರು ಎಬ್ಬಿಸಿ.'

ಯಾರೂ ಎಬ್ಬಿಸಲಿಲ್ಲವಂತೆ. ರೊಟ್ಟಿ ಸುಡುವವನ ಹೆಂಡತಿ ಎಳೆದೊಯ್ದವರಲ್ಲಿ ಒಬ್ಬರ ಹೆಸರು ಹೇಳಿದಳಂತೆ, ಆಮೇಲೆ ಪಾದ್ರಿ ಒಂದು ಹೆಸರು ಹೇಳಿದರಂತೆ. ಕಡೆಗೆ ಯಜಮಾನ ಕೂತು, ತಟ್ಟೆಯನ್ನೇ ನೋಡುತ್ತಾ, ನಾನಿರುವುದು ದರ್ಜಿ ಮೆಂಡೆಲನ ಮನೆ ಅಂದನಂತೆ.

ಆಮೇಲೆ ಆ ಬೀದಿಯ ಪ್ರತಿ ಬಾಗಿಲ ಮೇಲೂ ಮೊದಲಿದ್ದವರ ಹೆಸರು ಬರೆಸಿದರಂತೆ. ಅವರ ನೆಂಟರು ದೂರದ ದೇಶಗಳಿಂದ ಒಬ್ಬೊಬ್ಬರೇ ಬಂದರಂತೆ, ಬಂದವರನ್ನು ಕೈಹಿಡಿದು ಒಳಗೆ ಕರೆದರಂತೆ. ಕಾಜಿಕನಿಗೂ ಅನ್ನ ಸೇರಿತಂತೆ, ನಿದ್ದೆ ಬಂತಂತೆ.

ಖಾಯೆಲೆ ಬಂದಳಾ ಅಜ್ಜಿ?

ಇಲ್ಲ ಮಗು, ಬರಲಿಲ್ಲ. ಆದರೂ ಪ್ರತಿ ವರ್ಷ ಅವಳ ಹೆಸರು ಹೇಳಿಯೇ ತಟ್ಟೆ ಇಡುತ್ತಾರಂತೆ. ಕತೆ ಮುಗೀತು, ತಟ್ಟೆ ಅಲ್ಲೇ ಇದೆ. ಕಣ್ಣು ಮುಚ್ಚು.