ಧರ್ಮದರ್ಶಿಗಳ ಬೆಳ್ಳಿ ಬಟ್ಟಲು

ದೇವರು ಕೆಲವರನ್ನು ತಾನೇ ಕಾಯುತ್ತಾನೆ, ಕೆಲವರನ್ನು ಅಡುಗೆಯವನಿಗೆ ಒಪ್ಪಿಸುತ್ತಾನೆ.

ಗೋಪಾಲಸ್ವಾಮಿ ಗುಡಿಯ ಧರ್ಮದರ್ಶಿ ವಾಮನರಾಯರಿಗೆ ಸಕ್ಕರೆ ಕಾಯಿಲೆ. ಕಣ್ಣು ಮಂಜಾಗತೊಡಗಿತ್ತು. "ಸಿಹಿ ಕೊಡಬೇಡಪ್ಪಾ" ಎಂದು ಅವರ ಹೆಂಡತಿ ಗುಡಿಯ ಅಡುಗೆಯವನ ಮುಂದೆ ಅತ್ತಿದ್ದರು.

ರಾಯರು ಮಾತ್ರ ಬೆಳ್ಳಿ ಬಟ್ಟಲು ಹಿಡಿದೇ ಬಂದರು.

"ಸಿಹಿ ಹುಗ್ಗಿ ತುಂಬಿಸು. ಪ್ರಸಾದದಿಂದ ಸಕ್ಕರೆ ಏರುತ್ತದೇನೋ? ಆಗಲ್ಲ ಅಂದರೆ ನಾಳೆಯಿಂದ ಬೇರೆ ಅಡುಗೆಯವನು!"

"ಪ್ರಸಾದದಿಂದ ಎಲ್ಲಾದರೂ ಏರುತ್ತದೆಯೇ ಸ್ವಾಮೀ?" ಅಡುಗೆಯವನು ಕೈಮುಗಿದ. "ಆದರೆ ಆ ಬೋರ್ಡು ತಾವೇ ಬರೆಸಿದ್ದು."

ಬೋರ್ಡಿನಲ್ಲಿ ಹೀಗಿತ್ತು: 'ಪ್ರಸಾದ ಅಂಗೈಯಲ್ಲಿ ಮಾತ್ರ. ಇನ್ನೊಮ್ಮೆ ಬೇಕಾದವರು ಇಪ್ಪತ್ತೊಂದು ಪ್ರದಕ್ಷಿಣೆ ಹಾಕಿ ಬರತಕ್ಕದ್ದು.' ಕೆಳಗೆ ರಾಯರದೇ ರುಜು.

ಸಾಲಿನಲ್ಲಿದ್ದ ಭಕ್ತರೆಲ್ಲ ನೋಡುತ್ತಿದ್ದರು. ರಾಯರು ಬಟ್ಟಲನ್ನು ಕಂಕುಳಿಗೆ ಸೇರಿಸಿ ಅಂಗೈ ಒಡ್ಡಿದರು. ನೆಲ್ಲಿಕಾಯಿಯಷ್ಟು ಬಿತ್ತು. ಇಪ್ಪತ್ತೊಂದು ಸುತ್ತು ಹಾಕಿ ಬಂದರು. ಇನ್ನೊಂದು ನೆಲ್ಲಿಕಾಯಿಯಷ್ಟು ಬಿತ್ತು. ರಾಯರು ಹಟವಾದಿ, ದಿನವೂ ಸುತ್ತಿದರು. ಮಾತ್ರೆ ತಪ್ಪದಂತೆ ಹೆಂಡತಿ ನೋಡಿಕೊಂಡರು.

ಮೂರು ತಿಂಗಳಿಗೆ ಸಕ್ಕರೆ ಹಿಡಿತಕ್ಕೆ ಬಂದಿದೆ ಎಂದರು ವೈದ್ಯರು. ರಾಯರು ನೆಟ್ಟಗೆ ಅಡುಗೆಮನೆಗೆ ನಡೆದರು.

"ನೋಡಿದೆಯೇನೋ? ಪ್ರಸಾದದಿಂದ ಸಕ್ಕರೆ ಏರುವುದಿಲ್ಲ ಅಂತ ನಾನು ಅವತ್ತೇ ಹೇಳಿರಲಿಲ್ಲವೇ?"

"ಹೇಳಿದ್ದಿರಿ ಸ್ವಾಮೀ. ಎಲ್ಲ ಅವನ ಕೃಪೆ" ಎಂದ ಅಡುಗೆಯವನು, ಅವರ ಅಂಗೈಗೆ ನೆಲ್ಲಿಕಾಯಿಯಷ್ಟು ಹುಗ್ಗಿ ಇಟ್ಟ.