ಗೂಟದ ಮೇಲಿನ ಶಲ್ಯ

“ಗಿರಣ್ಯಾಗ ನನ್ನ ಮಾತು ನಡೀತೈತಿ, ಅಜ್ಜಾರ. ಊರ ಸಾಲ್ಯಾಗ ಯಾಕ ನಡೆಯಂಗಿಲ್ಲ?” ಎಂದು ಅಡವೆಪ್ಪ ಮಠದ ಗುರುಗಳನ್ನು ಕೇಳಿದ.

ಎಣ್ಣೆ ಗಿರಣಿ ಅವನ ಸ್ವಂತದ್ದು. ಶಾಲೆ ಸರ್ಕಾರದ್ದು, ಅದರ ಸಮಿತಿಗೆ ಊರವರು ಅವನನ್ನು ಅಧ್ಯಕ್ಷನನ್ನಾಗಿ ಮಾಡಿದ್ದರು. ಅವನು ಗಿರಣಿಯಲ್ಲಿ ಮಾಡಿದಂತೆ ಶಾಲೆಯಲ್ಲೂ ಮುಂದಿದ್ದವರಿಗೆ ಬಹುಮಾನ ಇಟ್ಟ. ನೀಲವ್ವ ಎಂಬ ಹುಡುಗಿ ಎಲ್ಲದರಲ್ಲೂ ಮೊದಲು ಬಂದಳು. ಅವಳ ಹೆಸರನ್ನು ಅವನು ಗುರುಗಳ ಮುಂದೆಯೂ ಹೆಮ್ಮೆಯಿಂದ ಹೇಳಿದ. ಆದರೆ ಉಳಿದ ಮಕ್ಕಳು ಒಬ್ಬೊಬ್ಬರಾಗಿ ಶಾಲೆ ಬಿಡುತ್ತಿದ್ದರು. ಹೀಗೇ ಆದರೆ ಶಾಲೆಗೆ ಬೀಗ ಬೀಳುತ್ತದೆಂದು ಅವನಿಗೆ ಹೆದರಿಕೆ.

ಗುರುಗಳು ನಕ್ಕು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿಗೆ ಮಗ್ಗದ ಮನೆಯಿತ್ತು. ಅಲ್ಲಿ ಅವನು ಗೂಟಕ್ಕೆ ಒಂದು ಹೊಸ ಶಲ್ಯ ನೇತುಹಾಕುತ್ತಿದ್ದ. ಮೊದಲು ಸೀರೆ ನೇಯ್ದು ಇಳಿಸಿದ ನೇಕಾರನ ಹೆಗಲಿಗೆ ಆ ಶಲ್ಯ. ಮಗ್ಗಗಳು ಬಿಡುವಿಲ್ಲದೆ ಸದ್ದು ಮಾಡುತ್ತಿದ್ದವು. ಊರವರು ಮೆಚ್ಚಿ, ಶಾಲೆಯನ್ನೂ ನೀನೇ ನೋಡಿಕೊ ಎಂದರು. ವ್ಯಾಪಾರಿ ಶಾಲೆಯ ಗೂಟಕ್ಕೂ ಒಂದು ಶಲ್ಯ ಹಾಕಿದ. ಮಗ್ಗಿ ಮೊದಲು ಒಪ್ಪಿಸಿದವರಿಗೆ ಅದು.

ಅಲ್ಲಿಯವರೆಗೆ ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದ ಮಕ್ಕಳು ಈಗ ಪಾಟಿಗೆ ಕೈ ಅಡ್ಡ ಹಿಡಿದರು. ಹಿಂದುಳಿದವರು ಶಾಲೆಗೆ ಬರುವುದನ್ನೇ ಬಿಟ್ಟರು. ಜೊಳ್ಳು ಹಾರಿತು, ಕಾಳು ಉಳಿಯಿತು ಎಂದು ವ್ಯಾಪಾರಿ ಮೀಸೆ ತಿರುವಿದ.

ಅಷ್ಟರಲ್ಲಿ ಅವನ ಮಗಳಿಗೇ ದಿನಾ ಬೆಳಿಗ್ಗೆ ಹೊಟ್ಟೆನೋವು ಶುರುವಾಯಿತು. ಶಾಲೆಯ ಗಂಟೆ ಬಾರಿಸಿದ ಮೇಲೆ ತಾನಾಗಿ ಗುಣವಾಗುವ ಹೊಟ್ಟೆನೋವು! ವ್ಯಾಪಾರಿ ಗದರಿದ. ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ನಿಮ್ಮ ಮಗ್ಗದಾಗ ಶಲ್ಯ ಸಿಗದವಗೂ ಸಂಜಿಗೆ ಕೂಲಿ ಸಿಗತೈತಿ. ಸೋತು ಬಂದ ನಿಮ್ಮ ಮಗಳಿಗೆ ಅಲ್ಲಿ ಏನ್ ಸಿಗತೈತ್ರಿ?”

ವ್ಯಾಪಾರಿ ಗದರುವುದನ್ನು ಬಿಟ್ಟು ಮಗಳ ಪಕ್ಕ ಕುಳಿತ. ಅಂದೇ ಶಾಲೆಯ ಶಲ್ಯ ತೆಗೆದು, ಡಬ್ಬಿ ತುಂಬ ಶೇಂಗಾ ಉಂಡಿ ಇಟ್ಟ. ಕೊನೆಯ ಮಗು ಮಗ್ಗಿ ಒಪ್ಪಿಸಿದ ದಿನ ಎಲ್ಲರಿಗೂ ಉಂಡಿ ಎಂದ. ಮುಂದಿದ್ದ ಮಕ್ಕಳು ಹಿಂದುಳಿದವರ ಮನೆ ಬಾಗಿಲು ಬಡಿದರು. ಹೊಟ್ಟೆನೋವಿನ ಹುಡುಗಿಯನ್ನು ಹಾಸಿಗೆಯಿಂದ ಎಬ್ಬಿಸಿ, ದಾರಿಯುದ್ದಕ್ಕೂ ಮಗ್ಗಿ ಹೇಳಿಸುತ್ತ ಕರೆದೊಯ್ದರು. ಶಾಲೆ ಮತ್ತೆ ತುಂಬಿತು.

ಖುಷಿಯಲ್ಲಿ ವ್ಯಾಪಾರಿ ಮಗ್ಗದ ಮನೆಯಲ್ಲೂ ಶಲ್ಯ ತೆಗೆದು, ಕೊನೆಯವನು ಸೀರೆ ಇಳಿಸಿದ ಮೇಲೆ ಎಲ್ಲರಿಗೂ ಉಂಡಿ ಎಂದ. ತೂಕಡಿಸುವವನಿಗೆ ಹಾಸಿಗೆ ಹಾಸಿಕೊಟ್ಟಂತಾಯಿತು. ಸೋಮಾರಿ ನೇಕಾರ ನಿದ್ದೆ ಹೋದ, ಜಾಣರು ಅವನಿಗಾಗಿ ಕೈಕಟ್ಟಿ ಕಾದರು, ಮದುವೆಯ ಸೀರೆಗಳು ಮಗ್ಗದ ಮೇಲೇ ಉಳಿದವು. ವ್ಯಾಪಾರಿ ತನ್ನ ಪೆದ್ದುತನಕ್ಕೆ ತಾನೇ ನಕ್ಕು, ಅಲ್ಲಿ ಮತ್ತೆ ಶಲ್ಯ ಹಾಕಿದ. ಆಮೇಲೆ ಎರಡೂ ಕಡೆ ನೆಮ್ಮದಿ.

ಅಡವೆಪ್ಪನ ಮುಖ ಅರಳಿತು. ಇಷ್ಟು ಸುಲಭವೇ ಎನಿಸಿ ಎದ್ದು ನಿಂತ.

“ತಿಳೀತ್ರಿ ಅಜ್ಜಾರ. ನಾಳೇನ ಉಂಡಿ ಕಟ್ಟಸ್ತೀನಿ.”

“ಕಟ್ಟಸು. ನೀಲವ್ವನ ಹೆಸರು ಹೇಳಿದಿ. ಎಲ್ಲಾರಕಿಂತ ಹಿಂದ ಉಳಿದ ಕೂಸಿನ ಹೆಸರೇನಪಾ?”

ಆ ಹೆಸರು ಅಡವೆಪ್ಪನಿಗೆ ಗೊತ್ತಿರಲಿಲ್ಲ. ಅವನು ಮತ್ತೆ ಕುಳಿತ.