ಶೇಂಗಾ ಪಣದ ಪೋಕರ್

ಶನಿವಾರ ಸಂಜೆ ಹುರಿದ ಶೇಂಗಾಕ್ಕೆ ಸಾರ್ವಜನಿಕವಾಗಿ ಅವಮಾನವಾದ ಘಟನೆ ನಮ್ಮೂರಿನಿಂದ ವರದಿಯಾಗಿದೆ. ಬಸ್ ನಿಲ್ದಾಣದ ಹಿಂದಿನ ಬಾರಿನಲ್ಲಿ ನಗರಸಭೆಯ ಗುಮಾಸ್ತರು ಎಂದಿನಂತೆ ಶೇಂಗಾ ಪಣಕ್ಕಿಟ್ಟು ಪೋಕರ್ ಆಡುತ್ತಿದ್ದರು. ಅಲ್ಲಿಗೆ ಅವರ ಇಂಜಿನಿಯರ್ ಸಾಹೇಬರು ಬಂದು, ಕುರ್ಚಿ ಎಳೆದುಕೊಂಡು ಕೂತರು.

"ಶೇಂಗಾಕ್ಕೆ ಆಡೋಕೆ ನಾನೇನು ಅಳಿಲಾ? ದುಡ್ಡು ಇಡ್ರಯ್ಯಾ!"

ಗುಮಾಸ್ತ ತಿಪ್ಪೇಶ ಲೆಕ್ಕ ಹಾಕಿದ. ಸಾಹೇಬರೆದುರು ಗೆದ್ದರೆ ವರ್ಗಾವಣೆ, ಸೋತರೆ ಸಂಬಳ ಖಾಲಿ. ಆದರೂ ಅವನು ಭಾರೀ ಸಂತೋಷದಿಂದ ಎದ್ದುನಿಂತು, ಆಚೆ ಮೇಜುಗಳಲ್ಲಿದ್ದ ಕಂಟ್ರಾಕ್ಟರುಗಳನ್ನು ಕೂಗಿದ.

"ಅಣ್ಣೋರೇ, ಬನ್ನಿ! ಸಾಹೇಬರು ದುಡ್ಡಿಗೆ ಆಡ್ತಾರಂತೆ. ಸಾಹೇಬರ ಹತ್ರ ಬಿಲ್ಲು ಬಾಕಿ ಇರೋರೆಲ್ಲ ಸರದಿ ಪ್ರಕಾರ ಬಂದು ಸೋಲಬಹುದು!"

ಕಂಟ್ರಾಕ್ಟರುಗಳು ಗ್ಲಾಸು ಬಿಟ್ಟು ಬಂದು ಸಾಲಾಗಿ ನಿಂತರು.

"ಚರಂಡಿ ಬಿಲ್ಲಿಗೆ ಎಷ್ಟು ಸೋಲಬೇಕು ಸಾರ್?" ಮುಂದಿದ್ದವನು ಕೇಳಿದ.

ಇಡೀ ಬಾರು ಸಾಹೇಬರ ಉತ್ತರಕ್ಕೆ ಕಾದಿತು.

"ಮೆತ್ತಗೆ ಮಾತಾಡೋ ಮಾರಾಯ!" ಸಾಹೇಬರು ಬೆವರು ಒರೆಸಿಕೊಂಡು ತಿಪ್ಪೇಶನತ್ತ ತಿರುಗಿದರು. "ನನಗೂ ಶೇಂಗಾನೇ ತರಿಸು."

ಶೇಂಗಾಕ್ಕೆ ಆಡುವಾಗ ಸಾಹೇಬರೆದುರು ಬೇಕೆಂದೇ ಸೋಲುವ ಅಗತ್ಯ ಯಾರಿಗೂ ಕಾಣಲಿಲ್ಲ. ಅವರು ಎರಡು ತಟ್ಟೆ ಸೋತು ಮನೆಗೆ ಹೋದರು.